‘ಮುಂದೆ’ ಸಾಹೇಬರ ಇಪ್ಪತ್ತು ನಿಮಿಷ

ಕುರ್ಚಿಗೆ ಬೆನ್ನು ಎಂಬುದೊಂದು ಇರುತ್ತದೆ ಎನ್ನುವ ಸಂಗತಿ ನಮ್ಮ ಸಾಹೇಬರಿಗೆ ತಿಳಿದಿತ್ತೋ ಇಲ್ಲವೋ, ಹನ್ನೊಂದು ವರ್ಷ ಅವರ ಪೀಠದ ಕೆಳಗೆ ಕೂತು ಶೀಘ್ರಲಿಪಿ ಬರೆದ ನನಗೂ ಖಚಿತವಿಲ್ಲ. ನ್ಯಾಯಾಧೀಶರ ಕುರ್ಚಿಯೆಂದರೆ ಸಾಮಾನ್ಯವೇ? ಆಳೆತ್ತರದ ಬೆನ್ನು, ಅದಕ್ಕೆ ಮೆತ್ತನೆಯ ಚರ್ಮದ ಹೊದಿಕೆ, ಎರಡೂ ಕಡೆ ಕೆತ್ತನೆಯ ತೋಳು. ಹಿಂದಿನ ನ್ಯಾಯಾಧೀಶರು ಮಧ್ಯಾಹ್ನದ ವಾದಗಳನ್ನೆಲ್ಲ ಅದರಲ್ಲೇ ಅರೆಗಣ್ಣು ಮುಚ್ಚಿ ಆಲಿಸಿ, ಆ ಚರ್ಮದಲ್ಲಿ ತಮ್ಮ ಬೆನ್ನಿನ ಅಚ್ಚನ್ನು ಬಿಟ್ಟು ನಿವೃತ್ತರಾಗಿದ್ದರು. ನಮ್ಮ ಸಾಹೇಬರು ಬಂದ ಮೇಲೆ ಆ ಅಚ್ಚಿನ ಮೇಲೆ ಧೂಳು ಕೂತಿತು. ಇವರು ಕೂರುತ್ತಿದ್ದುದು ಆಸನದ ಮುಂದಂಚಿನ ನಾಲ್ಕು ಬೆರಳಗಲದ ಜಾಗದಲ್ಲಿ, ಅದೂ ಒಂದು ಕಾಲನ್ನು ಮುಂದಕ್ಕಿಟ್ಟು, ಇನ್ನೇನು ಎದ್ದು ಹೊರಟೇಬಿಟ್ಟರು ಎನ್ನುವ ಭಂಗಿಯಲ್ಲಿ. ಮೇಜಿನ ಕೆಳಗೆ ಆ ಕಾಲು ದಿನವಿಡೀ ಕುಣಿಯುತ್ತಿತ್ತು. ಪೀಠದ ಕೆಳಗಿನ ನನ್ನ ಮೇಜು ಅದರ ಜೊತೆಗೇ ಅದುರುತ್ತಿದ್ದುದರಿಂದ, ನನ್ನ ಅಕ್ಷರ ಕೆಟ್ಟಿದ್ದಕ್ಕೆ ಯಾರನ್ನು ದೂರಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಡಿಗೆಯೂ ಹಾಗೆಯೇ. ಕೋರ್ಟಿನ ಉದ್ದದ ಮೊಗಸಾಲೆಯಲ್ಲಿ ಅವರು ಒಲೆಯ ಮೇಲೆ ಹಾಲಿಟ್ಟು ಮರೆತು ಬಂದವರಂತೆ ನಡೆಯುತ್ತಿದ್ದರು. ಹಿಂದೆ ಕಡತ ಹೊತ್ತ ಜವಾನ ಓಡುತ್ತಿದ್ದ, ಅವನ ಹಿಂದೆ ನಾನು. ಕರಿಯ ಕೋಟಿನ ಮೂರನೆಯ ಗುಂಡಿ ಒಂದೇ ದಾರದಲ್ಲಿ ನೇತಾಡುತ್ತ ಆ ನಡಿಗೆಗೆ ತಾಳ ಹಾಕುತ್ತಿತ್ತು. ಆ ಗುಂಡಿ ಎಷ್ಟು ವರ್ಷದಿಂದ ಹಾಗೆ ನೇತಾಡುತ್ತಿತ್ತೋ ದೇವರೇ ಬಲ್ಲ. ಮನೆಯಲ್ಲಿ ಅವರ ಜೊತೆಗಿದ್ದ ಅಕ್ಕನನ್ನು ಒಮ್ಮೆ ಕೇಳಿದ್ದಕ್ಕೆ, “ಅವನು ಒಂದು ಕಡೆ ನಿಂತ್ರೆ ತಾನೇ ನಾನು ಹೊಲಿಯೋದು? ನಿಂತಾನಾ ಕೇಳಿ” ಎಂದಿದ್ದರು.

ಇನ್ನು ಮಾತು. ಅವರ ನಾಲಿಗೆಯಲ್ಲಿ ಒಂದೇ ಪದ ಸವೆದು ನುಣುಪಾಗಿತ್ತು: ‘ಮುಂದೆ?’ ವಕೀಲರು ಒಂದೇ ಅಂಶವನ್ನು ಎರಡನೆಯ ಸಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ‘ಮುಂದೆ?’ ಸಾಕ್ಷಿ ತನ್ನ ತಾತನ ಕಾಲದಿಂದ ಕಥೆ ಶುರು ಮಾಡಿದರೆ ‘ಮುಂದೆ?’ ಕ್ಷೌರದಂಗಡಿಯಲ್ಲಿ ಕತ್ತರಿ ಒಂದು ಕ್ಷಣ ನಿಂತರೂ ‘ಮುಂದೆ?’ ಎಂದರಂತೆ, ಕ್ಷೌರಿಕ ಗಾಬರಿಯಾಗಿ ಮುಂದಿನ ಕೂದಲನ್ನೂ ತೆಗೆದುಬಿಟ್ಟನೆಂದು ಬೆಂಚ್ ಕ್ಲರ್ಕ್ ಹೇಳುತ್ತಿದ್ದ ಕಥೆಯನ್ನು ನಾನು ನಂಬಿಲ್ಲ, ಆದರೆ ಆ ತಿಂಗಳು ಅವರ ಹಣೆ ವಿಶಾಲವಾಗಿದ್ದುದು ನಿಜ. ಹೀಗೆ ಅವರಿಗೆ ‘ಮುಂದೆ ಸಾಹೇಬರು’ ಎಂಬ ಹೆಸರು ಬಿತ್ತು. ಸ್ವಂತ ಹೆಸರನ್ನು ತೀರ್ಪಿನ ಕೊನೆಯ ಪುಟದಲ್ಲಿ ಬಿಟ್ಟರೆ ಯಾರೂ ಬಳಸುತ್ತಿರಲಿಲ್ಲ.

ಇಂಥ ಅವಸರದ ಮನುಷ್ಯ ಸಿವಿಲ್ ನ್ಯಾಯಾಲಯಕ್ಕೆ ಯಾಕೆ ಬಂದರು? ಅಲ್ಲಿ ಕಾಲವನ್ನು ಗಂಟೆಗಳಲ್ಲಿ ಎಣಿಸುವ ಪದ್ಧತಿಯೇ ಇರಲಿಲ್ಲ. ವಾಯಿದೆಯ ಮೇಲೆ ವಾಯಿದೆ ಬಿದ್ದು, ವಾದಿಯ ಕೂದಲು ನರೆತು, ವಕೀಲರ ಮಗ ವಕೀಲನಾಗಿ, ಕೊನೆಗೆ ಯಾರ ಮನೆಯ ಯಾವ ಗೋಡೆಯ ಬಗ್ಗೆ ಜಗಳವೆಂಬುದೇ ಮರೆತುಹೋಗುವ ಜಾಗ ಅದು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಮ್ಮ ಮೊಗಸಾಲೆಯ ಬೆಂಚಿನ ಮೇಲೆ ಯಾರೋ ಮೊಳೆಯಿಂದ ಕೆತ್ತಿದ್ದರು. ಕೆತ್ತಲು ಅವರಿಗೆ ಬೇಕಾದಷ್ಟು ಸಮಯ ಸಿಕ್ಕಿತ್ತು ಎಂಬುದು ಅಕ್ಷರಗಳ ಅಂದದಿಂದಲೇ ಗೊತ್ತಾಗುತ್ತಿತ್ತು. ಸಾಹೇಬರಿಗೆ ಆ ಬೆಂಚಿನ ಪರಿಚಯ ಹಳೆಯದು. ಅವರ ಅಕ್ಕನನ್ನು ಗಂಡ ತೀರಿಕೊಂಡ ಮೇಲೆ ಭಾವಮೈದುನರು ಎರಡು ಕೋಣೆಯ ಪಾಲಿನಿಂದ ಹೊರಗೆ ಹಾಕಿದ್ದರು. ಆಕೆ ದಾವೆ ಹೂಡಿದರು, ಹದಿನಾರು ವರ್ಷ ನಡೆಯಿತು, ಗೆದ್ದರು. ತೀರ್ಪಿನ ನಕಲು ಕೈಗೆ ಬರುವಷ್ಟರಲ್ಲಿ ಆ ಮನೆಯನ್ನು ಕೆಡವಿ ಅಲ್ಲೊಂದು ಗೋದಾಮು ಎದ್ದಿತ್ತು. ಆಕೆ ಒಂದು ಟ್ರಂಕಿನೊಡನೆ ತಮ್ಮನ ಮನೆಗೆ ಬಂದವರು ಮತ್ತೆ ಹೋಗಲಿಲ್ಲ. ‘ತಾಳಿದವನು ಬಾಳಿಯಾನು’ ಎಂದು ಒಬ್ಬ ಹಿರಿಯ ವಕೀಲರು ವಾಯಿದೆ ಬೇಡುತ್ತ ನಗುನಗುತ್ತಾ ಅಂದಾಗ ಸಾಹೇಬರು ತಲೆಯೆತ್ತದೆ ಹೇಳಿದ್ದು ನನಗೆ ಈಗಲೂ ನೆನಪಿದೆ: “ಆ ಗಾದೆ ಕಟ್ಟಿದವನು ಪ್ರತಿವಾದಿ ಇರ್ಬೇಕು. ಮುಂದೆ?”

ಅವರು ಬಂದ ಮೊದಲ ವರ್ಷವೇ ಕೆಲವು ನಿಯಮಗಳನ್ನು ಮಾಡಿ ಬಾಗಿಲಿಗೆ ಅಂಟಿಸಿದರು. ಪ್ರತಿ ದಾವೆಗೂ ಮೊದಲ ದಿನವೇ ಮುಗಿಯುವ ದಿನಾಂಕ ನಿಗದಿ. ಅದರ ಪಟ್ಟಿ ಗೋಡೆಯ ಮೇಲೆ. ಕೊನೆಯ ವಾದಕ್ಕೆ ಯಾವ ಕಾಗದ ಕೊಡುವುದಿದ್ದರೂ ಏಳು ದಿನ ಮುಂಚೆ, ಎದುರಾಳಿಗೆ ಒಂದು ಪ್ರತಿ ಮುಟ್ಟಿಸಿಯೇ ಕೊಡಬೇಕು. ಕಡೆಯ ಗಳಿಗೆಯಲ್ಲಿ ತೋಳಿನೊಳಗಿಂದ ದಾಖಲೆ ತೆಗೆಯುವ ಇಂದ್ರಜಾಲಕ್ಕೆ ಅಲ್ಲಿಗೆ ಮಂಗಳ. ಮತ್ತು ವಾದಕ್ಕೆ ಎರಡೂ ಕಡೆಗೆ ಇಪ್ಪತ್ತು ಇಪ್ಪತ್ತು ನಿಮಿಷ, ಒಂದು ಸೆಕೆಂಡು ಅತ್ತಿತ್ತ ಇಲ್ಲ. ಬಡವನಿಗೂ ಅಷ್ಟೇ, ಬಲ್ಲಿದನಿಗೂ ಅಷ್ಟೇ. “ಒಬ್ಬರಿಗೆ ಹೆಚ್ಚು ಕೊಟ್ಟ ಗಂಟೆ ಹೊರಗೆ ಬೆಂಚಿನ ಮೇಲೆ ಕಾಯ್ತಾ ಕೂತವನಿಂದ ಕದ್ದದ್ದು ಕಣ್ರೀ ಪೆನ್ಸಿಲ್ಲಿನವ್ರೇ” ಎಂದು ನನಗೆ ಎಷ್ಟೋ ಸಲ ಹೇಳಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ, ಪೆನ್ಸಿಲ್ಲಿನವರು ಎಂದು. ಇಪ್ಪತ್ತು ನಿಮಿಷ ಅಳೆಯಲು ಅಕ್ಕನ ಅಡುಗೆಮನೆಯಿಂದ ಕೆಂಪು ಬಣ್ಣದ ಗುಂಡನೆಯ ಟೈಮರ್ ಒಂದನ್ನು ತಂದಿದ್ದರು. ತಿರುಗಿಸಿದರೆ ಟಿಕ್ ಟಿಕ್ ಎಂದು ಓಡಿ, ಕೊನೆಗೆ ಗಂಟಲು ಹರಿಯುವಂತೆ ಕಿರುಚುತ್ತಿತ್ತು. ಜವಾನ ಅದಕ್ಕೆ ‘ಟೊಮೇಟೊ’ ಎಂದು ಹೆಸರಿಟ್ಟ. ವಕೀಲರಿಗೆಲ್ಲ ಕಾಣಲೆಂದು ಅದನ್ನು ಒಂದು ಹಳೆಯ, ತುಂಬಿಹೋದ ದಪ್ಪ ರಿಜಿಸ್ಟರಿನ ಮೇಲೆ ಕೂರಿಸಿದ್ದರು. ಈ ರಿಜಿಸ್ಟರಿನ ವಿಷಯವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾವು ಯಾರೂ ಇಟ್ಟುಕೊಂಡಿರಲಿಲ್ಲ.

ನಿಯಮಗಳು ಫಲಿಸಿದವು. ಮೂರು ವರ್ಷದಲ್ಲಿ ಬೆಂಚಿನ ಮೇಲಿನ ಜನ ಅರ್ಧಕ್ಕರ್ಧ ಕಡಿಮೆಯಾದರು. ಮೊದಲು ಬೈದ ವಕೀಲರೇ ಆಮೇಲೆ ಹೊಗಳಿದರು. ನಾನು ಅಸೂಯೆ ಬಿಟ್ಟು ಹೇಳುತ್ತೇನೆ, ಅಷ್ಟು ಜನರನ್ನು ಅಷ್ಟು ಬೇಗ ಮನೆಗೆ ಕಳಿಸಿದ ನ್ಯಾಯಾಧೀಶರನ್ನು ನಾನು ಬೇರೆ ಕಂಡಿಲ್ಲ. ಹಾಗಿದ್ದೂ ಆ ಟೊಮೇಟೊ ಓಡುವಾಗ ನಾನು ಅದರ ಕಡೆ ನೋಡುತ್ತಿರಲಿಲ್ಲ. ಅದು ಯಾಕೆಂದು ಗೊತ್ತಾದದ್ದು ಬೈಂಡಿಂಗ್ ಅಮ್ಮ ಬಂದ ಮೇಲೆ.

ಬೈಂಡಿಂಗ್ ಅಮ್ಮ ಎಂದರೆ ಪುಸ್ತಕಗಳಿಗೆ ರಟ್ಟು ಕಟ್ಟುವಾಕೆ. ಐವತ್ತರ ಆಸುಪಾಸು, ಉಗುರ ಸಂದಿಯಲ್ಲಿ ಒಣಗಿದ ಅಂಟು, ಹೆಬ್ಬೆರಳಿನ ತುದಿ ದಾರ ಎಳೆದೆಳೆದು ಗೀರುಬಿದ್ದಿತ್ತು. ತಂದೆಯಿಂದ ಬಂದ ಕಸುಬು. ಒಂದು ಮೂಲೆ ಕಟ್ಟಡ, ಅದರ ಪಕ್ಕದಲ್ಲಿ ಮೂರಾಳು ಅಗಲದ ಸಂದಿ, ಸಂದಿಯ ಕೊನೆಯಲ್ಲಿ ಆಕೆಯ ಕೋಣೆ; ಅದಕ್ಕೆ ಬೇರೆ ಬಾಗಿಲಿಲ್ಲ. ಮೂಲೆ ಕಟ್ಟಡವನ್ನು ಹೊಸದಾಗಿ ಕೊಂಡ ಔಷಧದ ಅಂಗಡಿಯವರು, ಸಂದಿ ನಮ್ಮದು, ಪೆಟ್ಟಿಗೆ ಇಡಲು ಜಾಗ ಬೇಕು ಎಂದು ಅದಕ್ಕೊಂದು ಗೇಟು ಹಾಕಿ ಬೀಗ ಜಡಿದರು. ಅವರು ಅಂಗಡಿ ತೆರೆದಾಗ ಆಕೆ ಒಳಗೆ ಹೋಗಬೇಕು, ಅವರು ಊಟಕ್ಕೆ ಹೋದರೆ ಆಕೆ ಒಳಗೇ ಇರಬೇಕು. ಕಾಗದ ತರುವ ಕೈಗಾಡಿ ಬೀದಿಯಲ್ಲೇ ನಿಲ್ಲುತ್ತಿತ್ತು. ದಾವೆ ಬಿದ್ದುಹೋದರೆ ಗೇಟಿನ ಜಾಗದಲ್ಲಿ ಗೋಡೆ ಕಟ್ಟಲು ಇಟ್ಟಿಗೆ ಆಗಲೇ ತಂದು ಪೇರಿಸಿದ್ದರು. ತಂದೆಯ ಕಾಲದಿಂದ ಆ ದಾರಿಯಲ್ಲಿ ಓಡಾಡಿದ್ದೇವೆ, ಯಾರೂ ತಡೆದಿರಲಿಲ್ಲ ಎಂಬುದು ಆಕೆಯ ವಾದ. ಅದನ್ನು ತೋರಿಸಲು ಆಕೆಯ ಹತ್ತಿರ ಕಾಗದವಿರಲಿಲ್ಲ. ಇದ್ದ ಒಬ್ಬ ವಕೀಲರು ಕಾಯಿಲೆ ಬಿದ್ದು ಕಡತ ವಾಪಸು ಕೊಟ್ಟಿದ್ದರು. ಆಕೆ ತಾನೇ ವಾದಿಸಲು ಬಂದರು.

ಆಕೆಗೆ ಮಾತು ತಡೆಯುತ್ತಿತ್ತು. ಸಣ್ಣ ತೊದಲಲ್ಲ, ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡರೆ ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಅದನ್ನು ಹೊರಗೆ ತರುವ ಹೊತ್ತಿಗೆ ಕೇಳುತ್ತ ನಿಂತವರಿಗೂ ಉಸಿರು ಕಟ್ಟುತ್ತಿತ್ತು. ಅದಕ್ಕೇ ಹೇಳಬೇಕಾದದ್ದನ್ನೆಲ್ಲ ಒಂಬತ್ತು ಹಾಳೆಯಲ್ಲಿ ಬರೆದು ತಂದಿದ್ದರು. ಬೆಂಚ್ ಕ್ಲರ್ಕ್ ಆ ಹಾಳೆಗಳನ್ನು ಮುಟ್ಟಲಿಲ್ಲ. “ಏಳು ದಿನ ಮುಂಚೆ ಕೊಡ್ಬೇಕಿತ್ತಲ್ಲಮ್ಮ. ಬಾಗಿಲಲ್ಲೇ ಅಂಟಿಸಿದೆಯಲ್ಲ, ನೋಡ್ಲಿಲ್ವಾ?” ಎಂದ. ಅವನು ಕೆಟ್ಟವನಲ್ಲ, ನಿಯಮ ಬಲ್ಲವನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ; ಇಲ್ಲಿ ಪೂಜಾರಿಗೆ ಹಾಗೆ ಹೇಳಿಕೊಟ್ಟವರು ದೇವರೇ.

ಆಕೆ ಹಾಳೆ ಹಿಡಿದು ಓದಲು ನಿಂತರು. ಸಾಹೇಬರು ಟೊಮೇಟೊ ತಿರುಗಿಸಿದರು. ಆ ಇಪ್ಪತ್ತು ನಿಮಿಷವನ್ನು ನಾನು ವರ್ಣಿಸಲಾರೆ. ಟಿಕ್ ಟಿಕ್ ಸದ್ದು ಕೇಳಿದಷ್ಟೂ ಆಕೆಯ ಗಂಟಲು ಬಿಗಿಯುತ್ತಿತ್ತು, ಬಿಗಿದಷ್ಟೂ ಸಾಹೇಬರ ಕಾಲು ಕುಣಿಯುತ್ತಿತ್ತು, ಕುಣಿದಷ್ಟೂ ನನ್ನ ಮೇಜು ಅದುರುತ್ತಿತ್ತು. ‘ಮುಂದೆ?’ ಎಂದು ಸಾಹೇಬರು ನಾಲ್ಕು ಸಲ ಅಂದರು. ಪ್ರತಿ ಸಲವೂ ಆಕೆ ಸಿಕ್ಕಿಕೊಂಡ ಪದವನ್ನು ಬಿಟ್ಟು ಹೊಸ ಸಾಲು ಹಿಡಿದರು. ಮೂರನೆಯ ಹಾಳೆಯ ನಡುವೆ ಟೊಮೇಟೊ ಕಿರುಚಿತು. ಆಕೆ ಉಳಿದ ಆರು ಹಾಳೆಗಳನ್ನು ಜೋಡಿಸಿ, ಅಂಚು ಸಮ ಮಾಡಿ, ಕೈಚೀಲಕ್ಕೆ ಹಾಕಿಕೊಂಡರು. ಹೋಗುವ ಮುಂಚೆ ಒಂದು ಗಳಿಗೆ ಸಾಹೇಬರ ಮೇಜನ್ನೇ ದಿಟ್ಟಿಸಿ ನೋಡಿದರು, ಟೈಮರನ್ನು ಶಪಿಸುತ್ತಿದ್ದಾರೆಂದು ನಾನು ಅಂದುಕೊಂಡೆ.

ಔಷಧದ ಅಂಗಡಿಯ ಪರ ವಕೀಲರು ಎದ್ದರು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಲೋಕದ ಮಾತು. ಮಾತು ಬಲ್ಲ ಇವರಿಗೆ ಜಗಳವೇ ಜೀವನೋಪಾಯ. ಹನ್ನೆರಡೇ ನಿಮಿಷದಲ್ಲಿ, ತೊಳೆದ ಮುತ್ತಿನ ಹಾಗೆ, ಹಳೆಯ ಬಳಕೆಗೆ ಪುರಾವೆಯಿಲ್ಲ ಎಂಬ ಒಂದೇ ಅಂಶವನ್ನು ಹೇಳಿ ಮುಗಿಸಿ ಕೂತರು. ತೀರ್ಪಿಗೆ ಕಾದಿರಿಸಲಾಯಿತು.

ಭಾನುವಾರ ಮಧ್ಯಾಹ್ನ ಸಾಹೇಬರ ಮನೆಯಲ್ಲಿ ತೀರ್ಪು ಹೇಳಿ ಬರೆಸುವ ಕೆಲಸ. ಪಡಸಾಲೆಯಿಂದ ಅಡುಗೆಮನೆಯ ಹೊಸ್ತಿಲವರೆಗೆ ಹದಿನಾಲ್ಕು ಹೆಜ್ಜೆ ಹೋಗಿ ಬರುತ್ತಾ ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಅಕ್ಕ ಕಿಟಕಿಯ ಬಳಿ ಕೂತು ದಿಂಬಿನ ಚೀಲ ಹೊಲಿಯುತ್ತಿದ್ದರು. ‘ವಾದಿಗೆ ಸಾಕಷ್ಟು ಅವಕಾಶ ಕೊಟ್ಟಾಗ್ಯೂ, ದಾರಿಯ ದೀರ್ಘಕಾಲದ ಬಳಕೆಯ ಬಗ್ಗೆ ಯಾವ ನಿರ್ದಿಷ್ಟ ಸಂಗತಿಯನ್ನೂ ಆಕೆ ಹೇಳಿರುವುದಿಲ್ಲ’ ಎಂದು ಸಾಹೇಬರು ಹೇಳಿದರು. ‘ಸಾಕಷ್ಟು ಅವಕಾಶ’ ಎಂಬಲ್ಲಿ ನನ್ನ ಪೆನ್ಸಿಲ್ಲು ನಿಂತಿತು.

“ಮುಂದೆ?” ಎಂದರು, ನನಗೆ.

ಅಲ್ಲಿಯವರೆಗೆ ನಾನು ಅವರಿಗೆ ಎದುರಾಡಿದವನಲ್ಲ. ಶೀಘ್ರಲಿಪಿಗಾರ ಎಂದರೆ ಕಿವಿ ಮತ್ತು ಕೈ. ನಡುವೆ ಇರುವ ಬಾಯಿ ಸರಕಾರದ್ದಲ್ಲ. ವಾದದ ದಿನದ ನೋಟ್‌ಬುಕ್ ತೆಗೆದು ಅವರ ಮುಂದೆ ಹಿಡಿದೆ. ನನಗೊಂದು ಚಾಳಿ ಇದೆ. ಮಾತನಾಡುವವರು ನಿಂತರೆ ಪೆನ್ಸಿಲ್ಲಿನ ಲಯ ತಪ್ಪಬಾರದೆಂದು ಒಂದೊಂದು ಉಸಿರಿಗೆ ಒಂದೊಂದು ಚುಕ್ಕೆ ಇಡುವುದನ್ನು ನನ್ನ ಮೇಷ್ಟ್ರು ಕಲಿಸಿದ್ದರು. ಆ ಪುಟಗಳಲ್ಲಿ ಅಕ್ಷರಗಳಿಗಿಂತ ಚುಕ್ಕೆಗಳೇ ಹೆಚ್ಚಿದ್ದವು.

“ಇದೇನ್ರೀ ಇದು, ಇರುವೆ ಸಾಲು?”

“ಆಕೆ ನಿಂತಿದ್ದು ಸಾರ್. ಮಾತು ಬರದೇ ಇದ್ದಾಗ.”

“ಒಂದು ಚುಕ್ಕೆ ಎಷ್ಟು?”

“ನಾಲ್ಕು ಸೆಕೆಂಡು, ಹೆಚ್ಚೂಕಮ್ಮಿ.”

ಅವರು ನಿಂತಲ್ಲೇ ಎಣಿಸಿದರು. ಬೆರಳಿಟ್ಟು, ತುಟಿ ಆಡಿಸುತ್ತ, ಶಾಲೆಗೆ ಹೋಗುವ ಮಗುವಿನ ಹಾಗೆ. ಇನ್ನೂರ ಎಂಟು. ಮನಸ್ಸಿನಲ್ಲೇ ಗುಣಿಸಿದರು. ಆಕೆಗೆ ಕೊಟ್ಟ ಇಪ್ಪತ್ತು ನಿಮಿಷದಲ್ಲಿ ಹದಿನಾಲ್ಕು ಚುಕ್ಕೆಗೇ ಹೋಗಿತ್ತು. ಆಕೆ ಮಾತಾಡಿದ್ದು ಆರು. ಎದುರಾಳಿ ಹನ್ನೆರಡು. “ಸಮ ಸಮ ಅಂತ ಅಂದ್ಕೊಂಡಿದ್ನಲ್ಲ” ಎಂದರು. ಆ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ. ತಕ್ಷಣವೇ ಮತ್ತೆ ಸಾಹೇಬರಾಗಿ, “ಆದ್ರೆ ಒಬ್ಬರಿಗೆ ಬಿಟ್ರೆ ನಾಳೆ ಎಲ್ರೂ ಕೇಳ್ತಾರೆ. ಮತ್ತೆ ಹದಿನಾರು ವರ್ಷದ ಕಾಲ ಬರುತ್ತೆ. ಅಕ್ಕಾ, ನಿನಗೇ ಗೊತ್ತಲ್ಲ?” ಎಂದು ಕಿಟಕಿಯ ಕಡೆ ತಿರುಗಿದರು.

ಅಕ್ಕ ಸೂಜಿ ನಿಲ್ಲಿಸಲಿಲ್ಲ. “ನನ್ನ ಕೇಸು ಎಳೀತು ಅಂತ ನಿನಗೆ ಸಿಟ್ಟು. ನನಗೂ ಇತ್ತು, ಇಲ್ಲ ಅನ್ನಲ್ಲ. ಆದ್ರೆ ನಿನಗೆ ಯಾವತ್ತೂ ಹೇಳಿಲ್ಲ ನಾನು. ಆ ಹದಿನಾರು ವರ್ಷದಲ್ಲಿ ಆರು ಜನ ಜಡ್ಜು ಬದಲಾದ್ರು ಕಣೋ. ಒಬ್ಬರೂ ನನ್ನ ಮಾತು ಕೊನೇವರೆಗೂ ಕೇಳ್ಲಿಲ್ಲ. ತಡ ಆಗಿದ್ದನ್ನ ಮರ್ತೆ. ಇದನ್ನ ಮರೆಯೋಕಾಗ್ಲಿಲ್ಲ.”

ಸಾಹೇಬರು ಕಿಟಕಿಯ ಹತ್ತಿರ ಹೋಗಿ ನಿಂತರು. ಎಷ್ಟು ಹೊತ್ತು ನಿಂತರೆಂದರೆ, ಅಕ್ಕ ದಿಂಬಿನ ಚೀಲ ಪಕ್ಕಕ್ಕಿಟ್ಟು, ಗೂಟದಲ್ಲಿದ್ದ ಕೋಟು ತಂದು, ಅದನ್ನು ತಮ್ಮನಿಗೆ ತೊಡಿಸಿ, ಸೂಜಿಗೆ ಕರಿ ದಾರ ಪೋಣಿಸಿ, ಆ ಮೂರನೆಯ ಗುಂಡಿಯನ್ನು ಹೊಲಿದು, ಹಲ್ಲಿನಿಂದ ದಾರ ಕಡಿದರು. ಅವರು ಅಲುಗಲಿಲ್ಲ. ಕೈಯಲ್ಲೇ ಕೋಟು ಹಿಡಿದು ಹೊಲಿಯಬಹುದಿತ್ತು, ಹಾಗೆ ಯಾಕೆ ಮಾಡಲಿಲ್ಲವೆಂದು ಆಕೆಯನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಸೋಮವಾರ, ದಾವೆಯನ್ನು ಮತ್ತೆ ವಿಚಾರಣೆಗೆ ತೆರೆಯಲಾಗಿದೆ ಎಂಬ ಆದೇಶ ಹೊರಟಿತು. ವಾರ ಕಳೆದು ಎಲ್ಲರೂ ಸೇರಿದಾಗ ಔಷಧದ ಅಂಗಡಿಯ ವಕೀಲರು ಕೆಂಡವಾಗಿದ್ದರು, ಮತ್ತು ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. “ಸ್ವಾಮಿ, ನಿಯಮ ನಿಮ್ದು. ನಾವು ಪಾಲಿಸಿದ್ವಿ. ಹನ್ನೆರಡು ನಿಮಿಷದಲ್ಲಿ ಮುಗಿಸಿದ್ದೇ ನಮ್ಮ ತಪ್ಪಾಯ್ತಾ?”

“ತಪ್ಪು ನಿಮ್ದಲ್ಲ, ನನ್ದು” ಎಂದರು ಸಾಹೇಬರು. “ಬರ್ಕೊಳ್ಳಿ ಪೆನ್ಸಿಲ್ಲಿನವ್ರೇ. ವಕೀಲ್ರೇ, ಆಮೇಲೆ ನಿಮಗೂ ಉತ್ತರ ಕೊಡೋಕೆ ಬೇಕಾದಷ್ಟು ಹೊತ್ತು ಇದೆ. ಕೂತ್ಕೊಳ್ಳಿ.” ತುಂಬಿದ ಕೋರ್ಟಿನಲ್ಲಿ ನ್ಯಾಯಾಧೀಶರೊಬ್ಬರು ತಪ್ಪು ನನ್ನದು ಎಂದದ್ದನ್ನು ನಾನು ಶೀಘ್ರಲಿಪಿಯಲ್ಲಿ ಬರೆದದ್ದು ಅದೊಂದೇ ಸಲ, ಆ ಪದಗಳಿಗೆ ನನ್ನ ಕೈಯಲ್ಲಿ ಸಂಕೇತ ರೂಢಿಯಿಲ್ಲದೆ ಉದ್ದಕ್ಕೆ ಬರೆಯಬೇಕಾಯಿತು.

ಬೈಂಡಿಂಗ್ ಅಮ್ಮ ಮೊದಲನೆಯ ಹಾಳೆಯಿಂದ ಶುರು ಮಾಡಿದರು. ಸಾಹೇಬರು ಟೊಮೇಟೊವನ್ನು ಮೇಜಿನ ಖಾನೆಯೊಳಗೆ ಇಟ್ಟುಬಿಟ್ಟಿದ್ದರು. ಇಡುವಾಗ ಹಳೆಯ ಚಾಳಿಯಲ್ಲಿ ಅದನ್ನು ತಿರುಗಿಸಿಯೇ ಇಟ್ಟಿದ್ದರೆಂದು ಕಾಣುತ್ತದೆ, ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಖಾನೆಯೊಳಗಿಂದ ಅದು ಕಿರುಚಿತು. ಆಕೆ ಬೆಚ್ಚಿ, ಹಾಳೆಗಳನ್ನು ಜೋಡಿಸಿ, ಅಂಚು ಸಮ ಮಾಡಿ ಚೀಲಕ್ಕೆ ಕೈ ಹಾಕಿದರು. ಸಾಹೇಬರ ಮುಖ ಕಪ್ಪಿಟ್ಟಿತು. ಟೊಮೇಟೊವನ್ನು ಹೊರತೆಗೆದು ಜವಾನನ ಕೈಗೆ ಕೊಟ್ಟು, “ಹೊರಗೆ ತಗೊಂಡು ಹೋಗಪ್ಪ” ಎಂದರು. ಅವನು ಕಿರುಚುತ್ತಿದ್ದ ಅದನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದು, ಹಟ ಮಾಡುವ ಕೂಸನ್ನು ಸಭೆಯಿಂದ ಎತ್ತಿಕೊಂಡು ಹೋಗುವ ತಾಯಿಯಂತೆ ಓಡಿದ. ಆಮೇಲೆ ಸಾಹೇಬರು ಮಾಡಿದ್ದನ್ನು ಅಲ್ಲಿದ್ದವರೆಲ್ಲ ನೋಡಿದರು. ಅವರು ಕುರ್ಚಿಯಲ್ಲಿ ಹಿಂದಕ್ಕೆ ಸರಿದು, ಒರಗಿ ಕೂತರು. ವರ್ಷಗಟ್ಟಲೆ ಭಾರ ಕಾಣದ ಆ ಬೆನ್ನು ಕಿರ್ ಎಂದು ನರಳಿತು. “ಹೇಳಿ ತಾಯಿ” ಎಂದರು. ನಾನು ‘ಮುಂದೆ?’ಗಾಗಿ ಕಾದೆ, ಅದು ಬರಲಿಲ್ಲ.

ಒಂದು ಗಂಟೆ ಹತ್ತು ನಿಮಿಷ ಆಕೆ ಮಾತಾಡಿದರು. ಸಾಹೇಬರು ಸಂತನಾದರೆಂದು ಯಾರೂ ತಿಳಿಯಬೇಡಿ: ಕಾಲು ಕುಣಿಯುತ್ತಲೇ ಇತ್ತು, ನನ್ನ ಮೇಜು ಅದುರುತ್ತಲೇ ಇತ್ತು, ಕುರ್ಚಿಯ ತೋಳನ್ನು ಅವರು ಹಿಡಿದ ರೀತಿಗೆ ಬೆರಳ ಗೆಣ್ಣು ಬಿಳಿಚಿಕೊಂಡಿದ್ದವು. ಆದರೆ ಬೆನ್ನು ಕದಲಲಿಲ್ಲ. ಟಿಕ್ ಟಿಕ್ ಇಲ್ಲದ ಕೋಣೆಯಲ್ಲಿ ಆಕೆಯ ಚುಕ್ಕೆಗಳೂ ಮೆಲ್ಲಗೆ ಕಡಿಮೆಯಾದವು. ಏಳನೆಯ ಹಾಳೆಗೆ ಬಂದಾಗ ಆಕೆ ಓದುವುದನ್ನು ನಿಲ್ಲಿಸಿ ಸಾಹೇಬರ ಮೇಜಿನ ಕಡೆ ಕೈ ತೋರಿದರು.

“ಸ್ವಾಮಿ, ಆ ರಿ... ರಿಜಿಸ್ಟ್ರು. ಮೂಲೆಗೆ ಕೆಂಪು ಚರ್ಮ ಹಾಕಿದೆಯಲ್ಲ, ಅದು ನಮ್ಮ ಅಪ್ಪ ಕಟ್ಟಿದ್ದು. ಹಾಗೆ ಮೂಲೆ ಮಡಿಸೋರು ಬೇರೆ ಯಾರೂ ಇಲ್ಲ. ಹಿಂದಿನ ರಟ್ಟು ತೆಗೆದು ನೋ... ನೋಡಿ.”

ಅಷ್ಟು ವರ್ಷ ಟೊಮೇಟೊವನ್ನು ಹೊತ್ತ ರಿಜಿಸ್ಟರು ಅದು. ವಾದದ ದಿನ ಆಕೆ ದಿಟ್ಟಿಸಿ ನೋಡಿದ್ದು ಟೈಮರನ್ನಲ್ಲ, ಅದರ ಅಡಿಯಲ್ಲಿದ್ದ ಅಪ್ಪನ ಕೆಲಸವನ್ನು. ಬೆಂಚ್ ಕ್ಲರ್ಕ್ ಹಿಂದಿನ ರಟ್ಟು ತೆರೆದ. ಒಳಗೆ, ಆಕೆಯ ಅಪ್ಪನ ಕೋಣೆಗೆ ದಾರಿ ಹೇಳುವ ಹಳದಿಗಟ್ಟಿದ ಅಚ್ಚಿನ ಚೀಟಿಯೊಂದು ಅಂಟಿತ್ತು; ಕೆಳಗೆ ಇಪ್ಪತ್ತೊಂಬತ್ತು ವರ್ಷ ಹಿಂದಿನ ಕೋರ್ಟಿನದೇ ಸ್ವೀಕೃತಿ ಮುದ್ರೆ. ‘ಮೂಲೆ ಕಟ್ಟಡದ ಪಕ್ಕದ ಸಂದಿಯಲ್ಲಿ ನೇರ ಬಂದರೆ ಕೊನೆಯ ಬಾಗಿಲು. ಕೈಗಾಡಿ ಒಳಗೆ ಬರುತ್ತದೆ.’ ಬೆಂಚ್ ಕ್ಲರ್ಕ್ ಅದನ್ನು ಗಟ್ಟಿಯಾಗಿ ಓದಿದ, ಆಮೇಲೆ ತನಗೇ ಎಂಬಂತೆ ಮತ್ತೊಮ್ಮೆ ಓದಿದ. ಉಗ್ರಾಣದಲ್ಲಿ ಹುಡುಕಿಸಿದಾಗ ಅಂಥವು ಇನ್ನೂ ಹನ್ನೊಂದು ಸಿಕ್ಕವು, ಎರಡೆರಡು ವರ್ಷಕ್ಕೊಂದರ ಹಾಗೆ, ಎಲ್ಲದರಲ್ಲೂ ಅದೇ ಚೀಟಿ, ಅದೇ ಮುದ್ರೆ. ಪುರಾವೆಯಿಲ್ಲ ಎಂದು ನಾವು ಬರೆಯುತ್ತಿದ್ದ ಹೊತ್ತಿನಲ್ಲಿ ಪುರಾವೆ ನಮ್ಮ ಮೇಜಿನ ಮೇಲೆ ಗಡಿಯಾರ ಹೊತ್ತು ಕೂತಿತ್ತು.

ವಕೀಲರು ರಿಜಿಸ್ಟರನ್ನು ತಿರುವಿ ತಿರುವಿ ನೋಡಿ, ಗಂಟಲು ಸರಿಮಾಡಿಕೊಂಡು, ಇದಕ್ಕೆ ಉತ್ತರಿಸಲು ಹದಿನೈದು ದಿನ ವಾಯಿದೆ ಬೇಕೆಂದರು. ಕೇಳಿದ ಮೇಲೆ ತಾವೇ ಹೆದರಿದಂತೆ ಕಂಡಿತು. ಸಾಹೇಬರು ಕೊಟ್ಟರು. ಆ ಹದಿನೈದು ದಿನದಲ್ಲಿ ಅವರಿಗೆ ಹೇಳಲು ಹೆಚ್ಚೇನೂ ಸಿಗಲಿಲ್ಲ. ದಾರಿಯ ಹಕ್ಕು ಬೈಂಡಿಂಗ್ ಅಮ್ಮನಿಗೆ ಸಿಕ್ಕಿತು. ಪೆಟ್ಟಿಗೆ ಇಡಲು ಸಂದಿಯ ಒಂದು ಗೋಡೆಯುದ್ದಕ್ಕೂ ಮೊಳದಗಲದ ಜಾಗ, ಕೈಗಾಡಿಗೆ ಅಡ್ಡಿಯಾಗದಂತೆ, ಔಷಧದ ಅಂಗಡಿಗೂ ಉಳಿಯಿತು. ಗೇಟನ್ನು ಕಿತ್ತ ದಿನ ಪೇರಿಸಿಟ್ಟಿದ್ದ ಇಟ್ಟಿಗೆಯನ್ನು ಅವರು ಅಂಗಡಿಯ ಮುಂದಿನ ಮೆಟ್ಟಿಲಿಗೆ ಬಳಸಿಕೊಂಡರಂತೆ.

ಇಷ್ಟರಿಂದ ಎಲ್ಲ ಸರಿಹೋಯಿತೆಂದು ಬರೆದರೆ ನಾನು ಸುಳ್ಳುಗಾರ. ಆಕೆ ಹಾಳೆಗಳನ್ನು ಓದಿದ ಆ ದಿನ ನಾಲ್ಕು ದಾವೆಗಳು ಮುಂದಕ್ಕೆ ಹೋದವು. ದೂರದಿಂದ ಬಂದಿದ್ದ ಒಬ್ಬ ನಿವೃತ್ತ ಮೇಷ್ಟ್ರು ಸಂಜೆಯವರೆಗೆ ಬೆಂಚಿನ ಮೇಲೆ ಕಾದು, ಸಾಹೇಬರ ಕೋಣೆಯ ಕಡೆ ಒಮ್ಮೆ ನೋಡಿ, ಎದ್ದು ಹೋದರು. ಆ ನೋಟ ಸಾಹೇಬರನ್ನು ಕುಟುಕಿತು. ಮಾರನೆಯ ವಾರವಿಡೀ ಅವರು ಅರ್ಧ ಗಂಟೆ ಮುಂಚೆ ಬಂದು ಕೂತು ಆ ನಾಲ್ಕನ್ನೂ ಮುಗಿಸಿದರು. ಮೇಲಿನ ಕಚೇರಿಯಿಂದ ಪತ್ರ ಬಂತು: ತಾವೇ ಮಾಡಿದ ಕಾಲಮಿತಿಯನ್ನು ತಾವೇ ಮೀರಿದ್ದೇಕೆಂದು ವಿವರಣೆ ಕೊಡಿ. ಉತ್ತರವನ್ನು ಸಾಹೇಬರು ಹೋಗಿ ಬರುತ್ತಾ ಬರೆಸಿದರು, ಒಂದೇ ಸಾಲು: ‘ಇಪ್ಪತ್ತು ನಿಮಿಷ ಇಬ್ಬರಿಗೂ ಕೊಟ್ಟಿದ್ದೆ, ಒಬ್ಬರಿಗೆ ಮಾತ್ರ ಮುಟ್ಟಿತ್ತು.’ ಆ ಉತ್ತರ ಅವರ ಬಡ್ತಿಗೆ ನೆರವಾಗಲಿಲ್ಲ.

ಟೊಮೇಟೊ ಮರುವಾರವೇ ಮೇಜಿಗೆ ಮರಳಿತು, ಈ ಸಲ ಬರಿಯ ಮರದ ಹಲಗೆಯ ಮೇಲೆ. ಆದರೆ ಈಗ ಸಾಹೇಬರು ಮೊದಲ ದಿನವೇ ಇಬ್ಬರನ್ನೂ ಕರೆದು, “ನಿಮಗೆ ಎಷ್ಟು ಹೊತ್ತು ಬೇಕು? ಯಾಕೆ ಬೇಕು?” ಎಂದು ಕೇಳುತ್ತಿದ್ದರು. ವಕೀಲರು ಬಿಡುತ್ತಾರೆಯೇ? ಎಲ್ಲರೂ ಎರಡು ಗಂಟೆ ಕೇಳಿದರು. ತರಕಾರಿಯವಳ ಹತ್ತಿರ ಚೌಕಾಸಿ ಮಾಡುವ ಗೃಹಿಣಿಯಂತೆ ಸಾಹೇಬರು ಒಬ್ಬೊಬ್ಬರನ್ನೂ ಹದಿನೈದಕ್ಕೆ, ಹದಿನೆಂಟಕ್ಕೆ ಇಳಿಸುತ್ತಿದ್ದರು. ಬರೆದು ತಂದ ಹಾಳೆಯನ್ನು ಬೆಂಚ್ ಕ್ಲರ್ಕ್ ತಳ್ಳುವ ಮುಂಚೆ ಸಾಹೇಬರ ಮುಖ ನೋಡುವುದನ್ನು ಕಲಿತ. ‘ಮುಂದೆ?’ ಮಾತ್ರ ಹೋಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಸಾಹೇಬರು ನಿವೃತ್ತರಾಗಿ ಎರಡು ವರ್ಷದ ಮೇಲೆ ನಾನು ಅವರನ್ನು ಕಂಡದ್ದು ಆ ಸಂದಿಯ ಕೊನೆಯಲ್ಲೇ. ನನ್ನ ಹಳೆಯ ನೋಟ್‌ಬುಕ್ಕುಗಳನ್ನು ಒಟ್ಟು ಕಟ್ಟಿಸಲು ಹೋಗಿದ್ದೆ; ಅವರು ತಮ್ಮ ದಿನಚರಿಗಳನ್ನು ತಂದಿದ್ದರು. ಬೈಂಡಿಂಗ್ ಅಮ್ಮ ಅವರಿಗೆ ಬಟ್ಟೆಯ ಬಣ್ಣಗಳ ವಿಷಯ ಏನೋ ಹೇಳುತ್ತಿದ್ದರು, ಒಂದು ಪದ ಸಿಕ್ಕಿಕೊಂಡಿತ್ತು. ಪಕ್ಕದಲ್ಲಿದ್ದ ಗಿರಾಕಿಯೊಬ್ಬ “ನೀಲೀನಾ?” ಎಂದು ಆ ಪದವನ್ನು ತಾನೇ ಮುಗಿಸಹೊರಟ. ಸಾಹೇಬರು ಅವನ ತೋಳು ಹಿಡಿದು ಸುಮ್ಮನಾಗಿಸಿದರು. ಆ ಪದ ಬರುವವರೆಗೂ ನಿಂತಿದ್ದರು. ಕೋಟಿನ ಮೂರನೆಯ ಗುಂಡಿ ಬಿಗಿಯಾಗಿ ಕೂತಿತ್ತು. ಸಂದಿಯ ಕಲ್ಲಿನ ಮೇಲೆ ಬಲಗಾಲಿನ ಚಪ್ಪಲಿ ಮಾತ್ರ ಟಪ್ ಟಪ್ ಎನ್ನುತ್ತಲೇ ಇತ್ತು.

ಹುಟ್ಟಿನಿಂದ ತಾಳ್ಮೆಯಿರುವವರನ್ನು ನಾನು ಗೌರವಿಸುತ್ತೇನೆ, ಆದರೆ ಅವರು ಕಾಯುವುದರಲ್ಲಿ ಹೆಚ್ಚುಗಾರಿಕೆಯೇನಿದೆ? ಅವರಿಗೆ ಕಾಯುವುದೆಂದರೆ ಕೂರುವುದಷ್ಟೇ. ಸಾಹೇಬರದು ಬೇರೆ ಜಾತಿ. ಎಲ್ಲೋ ಯಾರೋ ಬೆಂಚಿನ ಮೇಲೆ ಕೂತು ಕಾಯುತ್ತಿದ್ದಾರೆಂಬ ನೆನಪೇ ಇಂಥವರ ಕಾಲಿಗೆ ಚಕ್ರ ಕಟ್ಟಿರುತ್ತದೆ. ಎಲ್ಲರ ಸಲುವಾಗಿ ಓಡುತ್ತ ಓಡುತ್ತ, ಕಣ್ಣೆದುರಿಗೆ ನಿಂತ ಒಬ್ಬರನ್ನು ತುಳಿದುಬಿಡುವ ಅಪಾಯವೂ ಇವರಿಗೇ ಹೆಚ್ಚು. ಹಾಗೆ ತುಳಿದದ್ದು ಗೊತ್ತಾದ ದಿನ ನಾಚಿ, ಕುಣಿಯುವ ಕಾಲನ್ನು ಕುಣಿಯಲು ಬಿಟ್ಟೇ, ಒಬ್ಬರ ಒಂದು ಪದಕ್ಕಾಗಿ ಇವರು ನಿಲ್ಲುತ್ತಾರೆ. ನ್ಯಾಯ ಅಂದರೇನೆಂದು ಯಾರಾದರೂ ಕೇಳಿದರೆ ದೊಡ್ಡ ಮಾತು ನನಗೆ ಬರುವುದಿಲ್ಲ. ಆ ಚಪ್ಪಲಿಯ ಸದ್ದು ನೆನಪಾಗುತ್ತದೆ.